ಹೊಸ ಟರ್ಬೊ ಎಣ್ಣೆ ಸೋರಿದರೆ ದೋಷ ಎಲ್ಲಿ ಹುಡುಕಬೇಕು?

ಮಾನ್ಯ ಸಂಪಾದಕರೇ,

ಟ್ಯಾಕ್ಸಿ, ಮ್ಯಾಕ್ಸಿಕ್ಯಾಬ್, ಪಿಕಪ್ ಓಡಿಸಿ ಸಂಸಾರ ನಡೆಸುವವರಿಗೆ ಟರ್ಬೊ (ಹೊಗೆಯ ಒತ್ತಡದಿಂದ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಭಾಗ) ಬದಲಿಸುವುದು ಸಣ್ಣ ಖರ್ಚಲ್ಲ. ಸಾಲ ಮಾಡಿ ಹೊಸದು ಕೂರಿಸಿದ ವಾರದೊಳಗೆ ಎಂಜಿನ್ ಕೆಳಗೆ ಎಣ್ಣೆ ತೊಟ್ಟಿಕ್ಕಿದರೆ ಅಥವಾ ಸೈಲೆನ್ಸರ್‌ನಿಂದ ನೀಲಿ ಹೊಗೆ ಎದ್ದರೆ ಸಾಮಾನ್ಯವಾಗಿ ಸಿಗುವ ಉತ್ತರ ‘ಪೀಸ್ ಡಿಫೆಕ್ಟ್, ಇನ್ನೊಂದು ಹಾಕಬೇಕು’ ಎಂಬುದು. ಇನ್ನೊಂದು ಹಾಕಿದರೆ ಅದೂ ಸೋರುತ್ತದೆ. ಅಂಗಡಿಯವರು ಫಿಟ್ಟಿಂಗ್ ಸರಿಯಿಲ್ಲ ಎನ್ನುತ್ತಾರೆ, ಫಿಟ್ಟರ್ ಮಾಲು ಸರಿಯಿಲ್ಲ ಎನ್ನುತ್ತಾನೆ, ನಡುವೆ ಗಾಡಿಯವನ ದುಡಿಮೆ ನಿಂತಿರುತ್ತದೆ. ಡೀಸೆಲ್ ಎಂಜಿನ್ ದುರಸ್ತಿಯ ಕೆಲಸದಲ್ಲಿರುವ ನಾವು ಹೇಳಬಯಸುವುದು ಇಷ್ಟು: ಹೊಸ ಟರ್ಬೊ ಎಣ್ಣೆ ಕಕ್ಕುತ್ತಿದ್ದರೆ ಬಹಳಷ್ಟು ಸಲ ಕಾರಣ ಟರ್ಬೊದ ಹೊರಗಿರುತ್ತದೆ. ಅದನ್ನು ಪತ್ತೆ ಮಾಡುವ ಪರೀಕ್ಷೆಗಳು ಸಣ್ಣ ಗ್ಯಾರೇಜಿನಲ್ಲೂ ಸಾಧ್ಯ.

ಮೊದಲು ಟರ್ಬೊದೊಳಗೆ ಏನಾಗುತ್ತದೆ ನೋಡೋಣ. ಅದರ ಶಾಫ್ಟ್ ನಿಮಿಷಕ್ಕೆ 1 ಲಕ್ಷ ಸುತ್ತು ದಾಟುತ್ತದೆ. ಸಣ್ಣ ಕಾರುಗಳ ಟರ್ಬೊದಲ್ಲಿ 2 ಲಕ್ಷದ ಹತ್ತಿರವೂ ಹೋಗುತ್ತದೆ. ಈ ವೇಗದಲ್ಲಿ ಶಾಫ್ಟನ್ನು ಹೊತ್ತಿರುವುದು ಬುಷ್ (ಶಾಫ್ಟ್ ಕೂರುವ ಲೋಹದ ಬಳೆ) ಮತ್ತು ಶಾಫ್ಟ್ ನಡುವಿನ ತೆಳುವಾದ ಎಣ್ಣೆಯ ಪದರ. ಎಣ್ಣೆ ಪಂಪಿನ ಒತ್ತಡದಲ್ಲಿ ಸಣ್ಣ ಪೈಪಿನ ಮೂಲಕ ಮೇಲಿನಿಂದ ಒಳಗೆ ಬರುತ್ತದೆ. ಹೊರಗೆ ಹೋಗುವಾಗ ಅದಕ್ಕೆ ಯಾವ ಒತ್ತಡವೂ ಇಲ್ಲ. ಬುಷ್‌ನಲ್ಲಿ ಕಡೆದು ನೊರೆಯಾದ ಎಣ್ಣೆ ಕೆಳಗಿನ ದಪ್ಪ ಪೈಪಿನಲ್ಲಿ (ಇದೇ ರಿಟರ್ನ್ ಪೈಪ್) ತನ್ನ ಭಾರಕ್ಕೆ ತಾನೇ ಇಳಿದು ಎಂಜಿನ್ ತಳದ ಎಣ್ಣೆ ತೊಟ್ಟಿಯಾದ ಚೇಂಬರ್ ಸೇರಬೇಕು. ಇನ್ನು ಎರಡೂ ತುದಿಯ ಸೀಲ್‌ಗಳು. ಇವು ಕ್ರ್ಯಾಂಕ್ ಆಯಿಲ್ ಸೀಲಿನಂಥ ರಬ್ಬರ್ ಸೀಲ್‌ಗಳಲ್ಲ. ಪಿಸ್ಟನ್ ರಿಂಗಿನ ಜಾತಿಯ ಸಣ್ಣ ಲೋಹದ ರಿಂಗುಗಳು. ಒಂದು ಕಡೆ ಗಾಳಿಯ ಒತ್ತಡ, ಇನ್ನೊಂದು ಕಡೆ ಹೊಗೆಯ ಒತ್ತಡ ಎಣ್ಣೆಯನ್ನು ಒಳಗೇ ತಡೆಯುತ್ತವೆ, ರಿಂಗು ಅದಕ್ಕೆ ನೆರವಾಗುತ್ತದೆ. ಕೆಳಗಿನ ದಾರಿ ಕಟ್ಟಿದರೆ ಬಚ್ಚಲ ಮೋರಿ ಕಟ್ಟಿದಾಗ ನೀರು ಹಿಂದಕ್ಕೆ ಏರುವ ಹಾಗೆ ಎಣ್ಣೆ ಟರ್ಬೊದ ನಡುಭಾಗದಲ್ಲಿ ತುಂಬಿ, ರಿಂಗು ದಾಟಿ ಎರಡೂ ಕಡೆಗೆ ನುಗ್ಗುತ್ತದೆ. ರಿಂಗು ಹೊಸದಿರಲಿ ಹಳೆಯದಿರಲಿ, ನಿಂತ ಎಣ್ಣೆಯನ್ನು ತಡೆಯುವ ಶಕ್ತಿ ಅದಕ್ಕಿಲ್ಲ. ಎರಡನೆಯ ಟರ್ಬೊ ಕೂಡ ಮೊದಲನೆಯದರ ಹಾಗೇ ಸೋರುವುದು ಇದಕ್ಕೇ.

ಆದ್ದರಿಂದ ಮೊದಲು ಮಾಡಬೇಕಾದ ಕೆಲಸ ಆಯಿಲ್ ಸ್ಟಿಕ್ ನೋಡುವುದು. ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ನೋಡಿ. ಎಣ್ಣೆ ಮೇಲಿನ ಗೆರೆ ದಾಟಿದ್ದರೆ ರಿಟರ್ನ್ ಪೈಪಿನ ಬಾಯಿ ಮುಳುಗುವ, ಕ್ರ್ಯಾಂಕ್ ಎಣ್ಣೆಗೆ ಬಡಿದು ನೊರೆ ಎಬ್ಬಿಸುವ ಸಂಭವವಿದೆ. ‘ಹೊಸ ಟರ್ಬೊ, ಅರ್ಧ ಲೀಟರ್ ಜಾಸ್ತಿಯೇ ಇರಲಿ’ ಎಂದು ಸುರಿಯುವುದು ಒಳ್ಳೆಯ ಮನಸ್ಸಿನಿಂದಲೇ ಆದರೂ ಅಪಾಯ. 2020ರ ಏಪ್ರಿಲ್ ನಂತರದ ಬಿಎಸ್-6 ಡೀಸೆಲ್ ಗಾಡಿಗಳಲ್ಲಿ ಇನ್ನೊಂದು ಕಾರಣವೂ ಸೇರಿಕೊಂಡಿದೆ. ಹೊಗೆಯ ಮಸಿ ಹಿಡಿಯುವ ಡಿಪಿಎಫ್ ತನ್ನನ್ನು ಸುಟ್ಟು ಶುಚಿ ಮಾಡಿಕೊಳ್ಳಲು ಅನೇಕ ಎಂಜಿನ್‌ಗಳು ಸಿಲಿಂಡರಿಗೆ ಹೆಚ್ಚುವರಿ ಡೀಸೆಲ್ ಬಿಡುತ್ತವೆ. ಸಿಟಿಯೊಳಗೆ ನಾಲ್ಕು ಕಿ.ಮೀ. ಓಡಿ ನಿಲ್ಲುವ ಗಾಡಿಯಲ್ಲಿ ಆ ಕೆಲಸ ಪದೇ ಪದೇ ಅರ್ಧಕ್ಕೆ ನಿಂತು, ಡೀಸೆಲ್ ಎಣ್ಣೆಗೆ ಸೇರಿ ಮಟ್ಟ ತಾನಾಗಿಯೇ ಏರುತ್ತದೆ. ಸ್ಟಿಕ್ಕಿನ ಎಣ್ಣೆ ನೀರಾಗಿದ್ದು ಡೀಸೆಲ್ ವಾಸನೆ ಹೊಡೆದರೆ ಎಣ್ಣೆ, ಫಿಲ್ಟರ್ ಎರಡನ್ನೂ ಬದಲಿಸಿ ಆಮೇಲೆ ಮುಂದಿನ ಮಾತು.

ಹೊರಗಿನ ಸೋರಿಕೆ, ಒಳಗಿನ ಸೋರಿಕೆ ಎರಡನ್ನೂ ಬೇರೆ ಮಾಡಿ ನೋಡಬೇಕು. ಹೊರಗಿನದು ಪೈಪ್, ವಾಷರ್, ಪ್ಯಾಕಿಂಗ್‌ಗಳಿಂದ ಬರುವಂಥದ್ದು. ಇದಕ್ಕೆ ತಣ್ಣಗಿನ ಎಂಜಿನ್ನನ್ನು ಡಿಗ್ರೀಸರ್ ಹಾಕಿ ತೊಳೆದು ಒಣಗಿಸಿ (ಆಲ್ಟರ್ನೇಟರ್, ಕನೆಕ್ಟರ್‌ಗಳಿಗೆ ಪ್ಲಾಸ್ಟಿಕ್ ಕಟ್ಟಿ), ಟರ್ಬೊ ಸುತ್ತಮುತ್ತ ಟಾಲ್ಕಂ ಪೌಡರ್ ಉದುರಿಸಿ, ಕೆಳಗೆ ರಟ್ಟು ಹಾಸಿ ಹತ್ತು ನಿಮಿಷ ಐಡಲ್ ಓಡಿಸಿ. ಪೌಡರ್ ಮೊದಲು ಎಲ್ಲಿ ಒದ್ದೆಯಾಯಿತೋ ಅದು ಮೂಲ. ತೊಟ್ಟಿಕ್ಕುವ ಜಾಗವನ್ನು ನಂಬಬೇಡಿ. ಎಣ್ಣೆ ಕೆಳಗೆ ಹರಿಯುತ್ತದೆ, ಓಡುವಾಗಿನ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ಹಾಗಾಗಿ ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದು, ಎಲ್ಲಕ್ಕಿಂತ ಮುಂದಿನದು ಯಾವುದು ಎಂದು ಹುಡುಕಬೇಕು. ಮೇಲಿನ ಬ್ಯಾಂಜೊ ಬೋಲ್ಟಿನಲ್ಲಿ (ಎಣ್ಣೆ ತರುವ ಪೈಪನ್ನು ಟರ್ಬೊಗೆ ಬಿಗಿಯುವ ಟೊಳ್ಳು ಬೋಲ್ಟ್) ಜಿನುಗುವ ಎಣ್ಣೆ ಟರ್ಬೊ ಮೈಮೇಲೆ ಇಳಿದು ರಿಟರ್ನ್ ಪೈಪಿನ ಫ್ಲಾಂಜಿನಿಂದ (ಬೋಲ್ಟ್ ಹಾಕುವ ಚಪ್ಪಟೆ ಅಂಚು) ತೊಟ್ಟಿಕ್ಕುತ್ತದೆ, ಜನ ಕೆಳಗಿನ ಪ್ಯಾಕಿಂಗ್ ಬದಲಿಸುತ್ತಾ ಕೂರುತ್ತಾರೆ. ಹಾಗೆಯೇ ಟ್ಯಾಪೆಟ್ ಕವರ್ ಪ್ಯಾಕಿಂಗ್, ಆಯಿಲ್ ಕೂಲರ್ ಪ್ಯಾಕಿಂಗ್, ವ್ಯಾಕ್ಯೂಮ್ ಪಂಪಿನ ಸೋರಿಕೆಯೂ ಎಷ್ಟೋ ಗಾಡಿಯಲ್ಲಿ ಟರ್ಬೊ ತಲೆಗೆ ಕಟ್ಟಲ್ಪಡುತ್ತದೆ. ಕೈ ಹೋಗದ ಜಾಗಕ್ಕೆ ಉದ್ದ ಹಿಡಿಯ ಸಣ್ಣ ಕನ್ನಡಿ, ಟಾರ್ಚ್ ಸಾಕು. ಇನ್ನೂ ಗೊತ್ತಾಗದಿದ್ದರೆ ಎಣ್ಣೆಗೆ ಬೆರೆಸುವ ಯುವಿ ಡೈ ಸಿಗುತ್ತದೆ. ನೀಲಿ ದೀಪದಲ್ಲಿ ಸೋರಿಕೆಯ ಜಾಡು ಹಸಿರು-ಹಳದಿಯಾಗಿ ಹೊಳೆಯುತ್ತದೆ. ಹೊರಗಿನ ಸೋರಿಕೆ ಸಣ್ಣದೆಂದು ಬಿಡುವ ಹಾಗಿಲ್ಲ. ಪಕ್ಕದಲ್ಲೇ ಕೆಂಪಗೆ ಕಾಯುವ ಮ್ಯಾನಿಫೋಲ್ಡ್ ಇದೆ. ಘಾಟಿ ಏರುವಾಗ ಅದರ ಮೇಲೆ ಎಣ್ಣೆ ಬಿದ್ದರೆ ಬೆಂಕಿ ಹತ್ತಬಹುದು.

ಬ್ಯಾಂಜೊ ಬೋಲ್ಟಿನ ಎರಡೂ ಬದಿಯ ತಾಮ್ರದ ವಾಷರ್‌ಗಳು ಒಮ್ಮೆ ಒತ್ತಿಕೊಂಡ ಮೇಲೆ ಗಟ್ಟಿಯಾಗುತ್ತವೆ, ಎರಡನೆಯ ಸಲ ಸರಿಯಾಗಿ ಕೂರುವುದಿಲ್ಲ. ಹತ್ತಿಪ್ಪತ್ತು ರೂಪಾಯಿಯ ಹೊಸ ವಾಷರ್ ಉಳಿಸಲು ಹೋಗಿ ಬೋಲ್ಟ್ ಅತಿಯಾಗಿ ಬಿಗಿದು ಟೊಳ್ಳು ಬೋಲ್ಟನ್ನೇ ಮುರಿದವರಿದ್ದಾರೆ. ಮ್ಯಾನುಯಲ್ ಹೇಳಿದ ಟಾರ್ಕಿಗೆ ಮಾತ್ರ ಬಿಗಿಯಬೇಕು.

ಸಿಲಿಕೋನ್ ಪೇಸ್ಟಿನ ಬಗ್ಗೆ ಖಂಡಿತವಾಗಿ ಹೇಳಬೇಕು. ಟರ್ಬೊದ ಎಣ್ಣೆ ದಾರಿಯಲ್ಲಿ, ಮೇಲೂ ಕೆಳಗೂ, ಪೇಸ್ಟ್ ಹಚ್ಚಲೇಬೇಡಿ. ಫ್ಲಾಂಜ್ ಬಿಗಿದಾಗ ಒಳಗೆ ಉಬ್ಬಿಕೊಳ್ಳುವ ಪೇಸ್ಟ್ ರಿಟರ್ನ್ ಪೈಪಿನ ಬಾಯನ್ನು ಅರ್ಧ ಮುಚ್ಚುತ್ತದೆ. ಮೇಲಿನ ಕಡೆ ಹಚ್ಚಿದ್ದರ ಚೂರು ಕಳಚಿ ಬುಷ್‌ನ ಸಣ್ಣ ರಂಧ್ರಕ್ಕೆ ಸಿಕ್ಕಿಕೊಂಡರೆ ಎಣ್ಣೆಯಿಲ್ಲದೆ ಶಾಫ್ಟ್ ಹಿಡಿದುಕೊಳ್ಳುತ್ತದೆ. ಟೆಫ್ಲಾನ್ ಟೇಪಿಗೂ ಇದೇ ಮಾತು. ಕಾಗದದ ಅಥವಾ ಲೋಹದ ಪ್ಯಾಕಿಂಗ್ ಮಾತ್ರ ಹಾಕಿ, ಅದರ ತೂತು ಪೈಪಿನ ತೂತಿಗೆ ಸರಿ ಕೂತಿದೆಯೇ ನೋಡಿ. ತಿರುಗಿ ಕೂತ ಪ್ಯಾಕಿಂಗ್ ದಾರಿಯನ್ನು ಕಾಲು ಭಾಗ ಮುಚ್ಚಿದರೂ ಸಾಕು, ಹೊಗೆ ಶುರು.

ರಿಟರ್ನ್ ಪೈಪನ್ನು ಬಿಚ್ಚಿ ಕೈಯಲ್ಲಿ ಹಿಡಿದು ನೋಡದೆ ಹೊಸ ಟರ್ಬೊ ಕೂರಿಸಬಾರದು. ಸಣ್ಣ ಎಂಜಿನ್‌ಗಳಲ್ಲಿ ಅದರ ಒಳಅಳತೆ ಸಾಮಾನ್ಯವಾಗಿ 12ರಿಂದ 19 ಮಿ.ಮೀ. ಹಳೆಯ ಟರ್ಬೊ ಕಾದು ಸತ್ತಿದ್ದರೆ ಆ ಪೈಪಿನೊಳಗೆ ಸುಟ್ಟ ಎಣ್ಣೆ ಕರಿ ಹೆಪ್ಪಾಗಿ ಅಂಟಿರುತ್ತದೆ, ಅಳತೆ ಅರ್ಧವಾಗಿರುತ್ತದೆ. ರಬ್ಬರ್ ತುಂಡು ಸೇರಿದ್ದರೆ ಅದು ಒಳಪದರ ಬಿಟ್ಟು ಊದಿಕೊಂಡಿರಬಹುದು. ಹೊರಗಿನಿಂದ ಚೆನ್ನಾಗೇ ಕಾಣುತ್ತದೆ. ಪೈಪ್ ಎಲ್ಲೂ ಮಡಿಚಬಾರದು, ತಗ್ಗಿ ಮತ್ತೆ ಏರಬಾರದು. ಪೂರ್ತಿ ಟರ್ಬೊ ಬದಲು ನಡುವಿನ ಕಾರ್ಟ್ರಿಜ್ (ಶಾಫ್ಟ್, ಬುಷ್ ಇರುವ ಭಾಗ) ಮಾತ್ರ ಹಾಕುವಾಗ ಇನ್ನೊಂದು ತಪ್ಪಾಗುತ್ತದೆ: ಹೊರಕವಚವಾದ ಹೌಸಿಂಗಿನೊಳಗೆ ಕಾರ್ಟ್ರಿಜ್ಜನ್ನು ಓರೆಯಾಗಿ ತಿರುಗಿಸಿ ಕೂರಿಸುವುದು. ಎಣ್ಣೆ ಬರುವ ತೂತು ನೆತ್ತಿಯಲ್ಲಿ, ಹೋಗುವ ತೂತು ನೇರ ಕೆಳಗೆ ಇರಬೇಕು. ಇಳಿಯುವ ದಾರಿ ಲಂಬದಿಂದ 35 ಡಿಗ್ರಿಗಿಂತ ಹೆಚ್ಚು ವಾಲಿದರೆ ಎಣ್ಣೆ ಒಳಗೇ ನಿಲ್ಲುತ್ತದೆ. ಹೌಸಿಂಗ್ ಬೋಲ್ಟ್ ಬಿಚ್ಚುವ ಮೊದಲೇ ಮೂರೂ ಭಾಗಕ್ಕೆ ಸೇರಿಸಿ ಗೆರೆ ಎಳೆದುಕೊಂಡರೆ ಈ ತೊಂದರೆಯಿಲ್ಲ.

ಪೈಪ್ ಸ್ವಚ್ಛವಾಗಿದ್ದೂ ಎಣ್ಣೆ ಇಳಿಯದಿದ್ದರೆ ಕೆಳಗಿನಿಂದ ಏನೋ ತಳ್ಳುತ್ತಿದೆ ಎಂದರ್ಥ. ಪಿಸ್ಟನ್ ರಿಂಗ್ ಸವೆದ ಎಂಜಿನ್‌ನಲ್ಲಿ ಉರಿದ ಅನಿಲ ಚೇಂಬರಿಗೆ ನುಗ್ಗುತ್ತದೆ. ಮೆಕ್ಯಾನಿಕ್‌ಗಳು ಬ್ಯಾಕ್ ಕಂಪ್ರೆಷನ್ ಎನ್ನುವುದು ಇದನ್ನೇ. ರಿಂಗ್ ಚೆನ್ನಾಗಿದ್ದು ಬ್ರೀದರ್ (ಚೇಂಬರಿನ ಅನಿಲ ಹೊರಹೋಗುವ ದಾರಿ) ಕಟ್ಟಿಕೊಂಡಿದ್ದರೂ ಫಲ ಒಂದೇ. ಎಂಜಿನ್ ಬಿಸಿಯಾದ ಮೇಲೆ ಐಡಲ್‌ನಲ್ಲಿ ಎಣ್ಣೆ ಮುಚ್ಚಳ ಬಿಚ್ಚಿದರೆ ಬುಸುಬುಸು ಹೊಗೆ ಒತ್ತಿಬಂದರೆ, ಆಯಿಲ್ ಸ್ಟಿಕ್ ತಾನಾಗಿ ಮೇಲೇಳುತ್ತಿದ್ದರೆ ಅನುಮಾನ ಗಟ್ಟಿ. ಇನ್ನೂ ಖಚಿತವಾಗಿ ಅಳೆಯಲು ಗಾರೆ ಮೇಸ್ತ್ರಿಗಳು ಮಟ್ಟ ನೋಡಲು ಬಳಸುವ ಪಾರದರ್ಶಕ ಪೈಪ್ ಸಾಕು. ಅದನ್ನು ‘ಯು’ ಆಕಾರಕ್ಕೆ ಹಲಗೆಗೆ ಕಟ್ಟಿ, ‘ಯು’ವಿನ ಎರಡೂ ಕಾಲುಗಳು ತಲಾ 75 ಸೆಂ.ಮೀ. ಆದರೂ ಇರುವಂತೆ ಮಾಡಿ, ಅರ್ಧ ನೀರು ತುಂಬಿ, ಒಂದು ತುದಿಯನ್ನು ಆಯಿಲ್ ಸ್ಟಿಕ್ಕಿನ ಕೊಳವೆಗೆ ಗಾಳಿ ಸೋರದಂತೆ ಸಿಕ್ಕಿಸಿ. ಎರಡು ಕಾಲುಗಳ ನೀರಿನ ಮಟ್ಟದಲ್ಲಿ 10 ಸೆಂ.ಮೀ. ವ್ಯತ್ಯಾಸ ಬಂದರೆ ಒತ್ತಡ ಸುಮಾರು 1 ಕಿಲೊಪಾಸ್ಕಲ್. ಆಯಾ ಎಂಜಿನ್ನಿನ ಮಿತಿ ಸರ್ವಿಸ್ ಮ್ಯಾನುಯಲ್‌ನಲ್ಲಿರುತ್ತದೆ. ಒತ್ತಡ ಹೆಚ್ಚಿದ್ದರೆ ಬ್ರೀದರ್ ಹೋಸ್ ಬಿಡಿಸಿ ಮತ್ತೆ ನೋಡಿ. ನೀರು ಸಮಕ್ಕೆ ಬಂತೆಂದರೆ ಬ್ರೀದರ್ ಕಟ್ಟಿದೆ, ಕೆಲವೇ ನೂರು ರೂಪಾಯಿಯಲ್ಲಿ ಮುಗಿಯುವ ಕೆಲಸ. ಬಿಡಿಸಿದರೂ ಒತ್ತಡ ಇಳಿಯದಿದ್ದರೆ ಕಂಪ್ರೆಷನ್ ಪರೀಕ್ಷೆ ಮಾಡಿಸಿ. ಆ ಎಂಜಿನ್ನಿಗೆ ಎಷ್ಟು ಟರ್ಬೊ ಹಾಕಿದರೂ ಸೋರುತ್ತದೆ.

ಅನುಮಾನ ಉಳಿದರೆ ಇನ್ನೊಂದು ಪರೀಕ್ಷೆಯಿದೆ. ರಿಟರ್ನ್ ಪೈಪನ್ನು ಚೇಂಬರಿನಿಂದ ಬಿಡಿಸಿ, ಚೇಂಬರಿನ ತೂತಿಗೆ ಬಿರಡೆ ಹಾಕಿ, ಪೈಪನ್ನು ಅಗಲ ಬಾಯಿಯ ಕ್ಯಾನಿಗೆ ಬಿಡಿ. ಎಣ್ಣೆ ಮಟ್ಟ ಪೂರ್ತಿ ಇಟ್ಟುಕೊಂಡು ಒಂದು ನಿಮಿಷ ಐಡಲ್ ಓಡಿಸಿ ನಿಲ್ಲಿಸಿ. ಅದಕ್ಕಿಂತ ಹೆಚ್ಚು ಓಡಿಸಿದರೆ ಎಂಜಿನ್ ಎಣ್ಣೆ ಬರಿದಾಗುತ್ತದೆ. ಎಣ್ಣೆ ಸಲೀಸಾಗಿ ಕ್ಯಾನಿಗೆ ಇಳಿದು, ಅಷ್ಟರಲ್ಲೇ ಹೊಗೆ ಇಳಿಮುಖವಾದರೆ ದೋಷ ಚೇಂಬರ್ ಕಡೆ. ಎಣ್ಣೆ ಸಲೀಸಾಗಿ ಇಳಿಯುತ್ತಲೇ ಹೊಗೆ ಮಾತ್ರ ಹಾಗೇ ಉಳಿದರೆ, ಅದು ಮುಂದೆ ಹೇಳುವ ಹಳೆಯ ಎಣ್ಣೆಯ ಹೊಗೆಯಲ್ಲ ಎಂದು ಖಚಿತವಾದರೆ, ಆಗ ಟರ್ಬೊ ಮೇಲೆ ಬೆರಳು ತೋರಿಸಬಹುದು.

ಒಳಗಿನ ಸೋರಿಕೆ ಯಾವ ಕಡೆಯದೆಂದು ಹೋಸ್‌ಗಳು ಹೇಳುತ್ತವೆ. ಏರ್ ಫಿಲ್ಟರಿನಿಂದ ಟರ್ಬೊಗೆ ಬರುವ ಪೈಪನ್ನೂ ಟರ್ಬೊದಿಂದ ಇಂಟರ್‌ಕೂಲರಿಗೆ (ಟರ್ಬೊ ಒತ್ತಿದ ಬಿಸಿ ಗಾಳಿಯನ್ನು ತಣಿಸುವ ಭಾಗ) ಹೋಗುವ ಪೈಪನ್ನೂ ಬಿಚ್ಚಿ ಬಿಳಿ ಬಟ್ಟೆಯಿಂದ ಒರೆಸಿ ನೋಡಿ. ಒಳಬರುವ ಪೈಪೇ ಒದ್ದೆಯಿದ್ದರೆ ಎಣ್ಣೆ ಬ್ರೀದರಿನಿಂದ ಬರುತ್ತಿದೆ, ಯಾಕೆಂದರೆ ಬ್ರೀದರ್ ಹೋಸ್ ಬಂದು ಸೇರುವುದು ಅಲ್ಲಿಗೇ. ಒಳಬರುವ ಪೈಪ್ ಒಣಗಿದ್ದು ಹೊರಹೋಗುವ ಪೈಪಿನಲ್ಲಿ ಮಾತ್ರ ಎಣ್ಣೆ ನಿಂತಿದ್ದರೆ ಅದು ಕಂಪ್ರೆಸರ್ (ಗಾಳಿ ಒತ್ತುವ ಚಕ್ರ) ಕಡೆಯ ಸೀಲನ್ನು ದಾಟಿ ಬಂದದ್ದು. ಪೈಪಿನ ಒಳಮೈಗೆ ತೆಳ್ಳಗೆ ಎಣ್ಣೆಯ ಪಸೆ ಇರುವುದು ರೋಗವಲ್ಲ. ಮಡುಗಟ್ಟಿ ನಿಂತಿದ್ದರೆ ರೋಗ. ಏರ್ ಫಿಲ್ಟರ್ ಧೂಳಿನಿಂದ ಕಟ್ಟಿದ್ದರೆ ಕಂಪ್ರೆಸರ್ ಚಕ್ರದ ಹಿಂದೆ ನಿರ್ವಾತ ಉಂಟಾಗಿ ಎಣ್ಣೆಯನ್ನು ಹೀರಿಕೊಳ್ಳುತ್ತದೆ. ಕಲ್ಲು ಕ್ವಾರಿ, ಇಟ್ಟಿಗೆ ಭಟ್ಟಿಗೆ ಓಡುವ ಗಾಡಿಗಳಲ್ಲಿ ಇದು ಹೆಚ್ಚು. ಎಸಿ ಹಾಕಿಕೊಂಡು ಗಂಟೆಗಟ್ಟಲೆ ಐಡಲ್‌ನಲ್ಲಿ ನಿಲ್ಲಿಸಿದರೂ ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಇಲ್ಲದೆ ಸ್ವಲ್ಪ ಎಣ್ಣೆ ದಾಟಬಹುದು.

ಹೊಗೆಯ ಕಡೆಗೂ ಇದೇ ತರ್ಕ. ಎಕ್ಸಾಸ್ಟ್ ಮ್ಯಾನಿಫೋಲ್ಡಿನೊಳಗೆ, ಅಂದರೆ ಟರ್ಬೊ ತಲುಪುವ ಮೊದಲೇ, ಎಣ್ಣೆ ಒದ್ದೆಯಿದ್ದರೆ ಅದು ಸಿಲಿಂಡರಿನಿಂದ ಬಂದದ್ದು. ವಾಲ್ವ್ ಸೀಲ್ ಅಥವಾ ರಿಂಗ್ ನೋಡಿ. ಮ್ಯಾನಿಫೋಲ್ಡ್ ಒಣಗಿದ್ದು ಟರ್ಬೊ ದಾಟಿದ ನಂತರದ ಪೈಪ್ ಮಾತ್ರ ಒದ್ದೆಯಿದ್ದರೆ ಟರ್ಬೈನ್ (ಹೊಗೆಯಿಂದ ತಿರುಗುವ ಚಕ್ರ) ಕಡೆಯ ಸೋರಿಕೆ. ಬಿಎಸ್-6 ಗಾಡಿಯಲ್ಲಿ ಇದನ್ನು ಮುಂದೂಡಿದರೆ ಎಣ್ಣೆಯ ಬೂದಿ ಡಿಪಿಎಫ್‌ನಲ್ಲಿ ಕೂರುತ್ತದೆ. ಮಸಿಯ ಹಾಗೆ ಆ ಬೂದಿ ಸುಟ್ಟುಹೋಗುವುದಿಲ್ಲ, ಕೊನೆಗೆ ಡಿಪಿಎಫ್ ಬೆಲೆಯೂ ತಲೆಗೆ ಬರುತ್ತದೆ.

ಹೊಸ ಟರ್ಬೊ ಹಾಕಿದ ದಿನವೇ ಹೊಗೆ ಕಂಡರೆ ಗಾಬರಿಯಾಗಬೇಕಿಲ್ಲ. ಹಳೆಯದು ಕಕ್ಕಿದ ಎಣ್ಣೆ ಸೈಲೆನ್ಸರ್‌ನಲ್ಲಿ ಉಳಿದಿರುತ್ತದೆ, ಅದು ಕಾದು ಸುಟ್ಟುಹೋಗುವವರೆಗೆ ಹೊಗೆ ಬರುತ್ತದೆ. ಆದರೆ ಇಂಟರ್‌ಕೂಲರಿನಲ್ಲಿ ಉಳಿದ ಎಣ್ಣೆಯ ವಿಷಯ ಹಾಗಲ್ಲ. ಇದು ಜೀವಕ್ಕೆ ಅಪಾಯ. ಇಂಟರ್‌ಕೂಲರ್ ಕಳಚಿ, ಬಾಯಿ ಕೆಳಗೆ ಮಾಡಿ, ದ್ರಾವಕ ಹಾಕಿ ತೊಳೆದು ಪೂರ್ತಿ ಒಣಗಿಸದೆ ಸ್ಟಾರ್ಟ್ ಮಾಡಿದರೆ, ಮೊದಲ ಸಲ ಆಕ್ಸಿಲರೇಟರ್ ಒತ್ತಿದಾಗ ಆ ಎಣ್ಣೆ ಒಟ್ಟಿಗೆ ಎಂಜಿನ್ನಿಗೆ ಹೋಗಬಹುದು. ಡೀಸೆಲ್ ಎಂಜಿನ್ನಿಗೆ ಆ ಎಣ್ಣೆಯೇ ಇಂಧನ. ಚಾವಿ ತಿರುಗಿಸಿದರೂ ನಿಲ್ಲದೆ ತಾನಾಗಿಯೇ ರೇಸ್ ಏರುತ್ತಾ ಹೋಗುತ್ತದೆ. ಆಗ ಗೇರ್ ಗಾಡಿಯಾದರೆ ಬ್ರೇಕ್ ಪೂರ್ತಿ ಒತ್ತಿ, ಟಾಪ್ ಗೇರ್ ಹಾಕಿ ಕ್ಲಚ್ ಬಿಟ್ಟು ಎಂಜಿನ್ ನಿಲ್ಲಿಸಬೇಕು. ಇಲ್ಲವಾದರೆ ಗಾಳಿ ಹೋಗುವ ಬಾಯಿಗೆ ಗಟ್ಟಿ ಹಲಗೆ ಒತ್ತಬೇಕು. ಕೈ, ಬಟ್ಟೆ ಎಂದೂ ಹಿಡಿಯಬೇಡಿ. ರೇಸ್ ವಿಪರೀತ ಏರಿಬಿಟ್ಟಿದ್ದರೆ ದೂರ ಓಡುವುದೇ ಸರಿ, ಕನೆಕ್ಟಿಂಗ್ ರಾಡ್ ಬ್ಲಾಕ್ ಒಡೆದು ಹೊರಬರಬಹುದು. ಹಳೆಯ ಟರ್ಬೊದ ರೆಕ್ಕೆ ಮುರಿದಿದ್ದರೆ ಅದರ ಚೂರುಗಳೂ ಇಂಟರ್‌ಕೂಲರಿನಲ್ಲೇ ಕಾದಿರುತ್ತವೆ.

ಕೂರಿಸುವ ದಿನದ ಕ್ರಮವೂ ಮುಖ್ಯ. ಹೊಸ ಎಣ್ಣೆ, ಹೊಸ ಫಿಲ್ಟರ್, ಸಾಧ್ಯವಾದರೆ ಎಣ್ಣೆ ತರುವ ಹೊಸ ಫೀಡ್ ಪೈಪ್. ಕೆಲವು ಎಂಜಿನ್‌ಗಳಲ್ಲಿ ಬ್ಯಾಂಜೊ ಬೋಲ್ಟಿನೊಳಗೇ ಸಣ್ಣ ಜಾಲರಿ ಇರುತ್ತದೆ, ಅದು ಕಟ್ಟಿಕೊಂಡಿರುವುದೇ ಹಳೆಯ ಟರ್ಬೊ ಸಾಯಲು ಕಾರಣವಾಗಿರಬಹುದು. ಪೈಪ್ ಜೋಡಿಸುವ ಮೊದಲು ಮೇಲಿನ ತೂತಿಗೆ ಶುದ್ಧ ಎಂಜಿನ್ ಆಯಿಲ್ ಹಾಕಿ ಚಕ್ರವನ್ನು ಬೆರಳಿನಿಂದ ಹತ್ತಾರು ಸುತ್ತು ತಿರುಗಿಸಿ. ಆಮೇಲೆ ಇಂಜೆಕ್ಟರ್ ಕನೆಕ್ಟರ್ ಬಿಡಿಸಿ, ಒಮ್ಮೆಗೆ ಹತ್ತು ಸೆಕೆಂಡಿನಂತೆ ನಡುವೆ ಬಿಡುವು ಕೊಟ್ಟು, ಆಯಿಲ್ ದೀಪ ಆರುವವರೆಗೆ ಸೆಲ್ಫ್ ಹೊಡೆಯಿರಿ. ಸ್ಟಾರ್ಟ್ ಆದ ಮೇಲೆ ಎರಡು ಮೂರು ನಿಮಿಷ ರೇಸ್ ಕೊಡದೆ ಐಡಲ್. ಒಣ ಬುಷ್‌ನಲ್ಲಿ ಶಾಫ್ಟ್ ಕೆಲವು ಸೆಕೆಂಡು ತಿರುಗಿದರೂ ಗೀರು ಬೀಳುತ್ತದೆ, ಸೋರಿಕೆ ತಿಂಗಳ ನಂತರ ಕಾಣುತ್ತದೆ. ಇನ್ನು ಶಾಫ್ಟ್ ಅಲುಗಾಡುತ್ತದೆ ಎಂದು ಹೊಸ ಟರ್ಬೊವನ್ನೇ ವಾಪಸು ಮಾಡುವವರಿದ್ದಾರೆ. ಎಣ್ಣೆಯಿಲ್ಲದಾಗ ಅಡ್ಡಕ್ಕೆ ಸ್ವಲ್ಪ ಆಡುವುದು ಈ ಬುಷ್‌ಗಳ ಸಹಜ ಗುಣ. ಚಕ್ರ ಹೌಸಿಂಗಿಗೆ ತಾಗಿದರೆ, ಅಥವಾ ಹಿಂದಕ್ಕೆ-ಮುಂದಕ್ಕೆ ಎಳೆದಾಗ ಕೈಗೆ ಸ್ಪಷ್ಟವಾಗಿ ಆಟ ತಿಳಿದರೆ ಮಾತ್ರ ಅದು ಕೆಟ್ಟದ್ದು.

ಟರ್ಬೊ ಇಲ್ಲದೆ ಬಂದ ಪೆಟ್ರೋಲ್ ಕಾರಿಗೆ ಟರ್ಬೊ ಜೋಡಿಸುವ ಯುವಕರಿಗೂ ಎರಡು ಮಾತು. ಅಲ್ಲಿ ಎಲ್ಲ ಸೀಲ್‌ಗಳಿಂದ ಒಮ್ಮೆಲೇ ಎಣ್ಣೆ ಬರಲು ದೊಡ್ಡ ಕಾರಣ ಪಿಸಿವಿ ವಾಲ್ವ್ (ಚೇಂಬರಿನ ಅನಿಲವನ್ನು ಇನ್‌ಟೇಕ್‌ಗೆ ಬಿಡುವ ವಾಲ್ವ್). ಬೂಸ್ಟ್ ಬಂದಾಗ ಇನ್‌ಟೇಕ್ ಮ್ಯಾನಿಫೋಲ್ಡಿನ ಒತ್ತಡ ಹಳೆಯ ವಾಲ್ವಿನ ಮೂಲಕ ಹಿಂದಕ್ಕೆ ಚೇಂಬರಿಗೆ ನುಗ್ಗುತ್ತದೆ. ಒಳ್ಳೆಯ ಒನ್‌ವೇ ವಾಲ್ವ್ ಹಾಕಿ, ಬೂಸ್ಟ್ ಸಮಯದ ಅನಿಲ ಟರ್ಬೊ ಮುಂದಿನ ಗಾಳಿ ಪೈಪಿಗೆ ಹೋಗುವಂತೆ ಬೇರೆ ದಾರಿ ಮಾಡಬೇಕು. ಆಯಿಲ್ ಪ್ರೆಷರ್ ಸ್ವಿಚ್ಚಿನ ತೂತಿನಿಂದ ಎಣ್ಣೆ ತೆಗೆಯುವಾಗ ಮರೆ (ಥ್ರೆಡ್) ಯಾವ ನಮೂನೆಯದೆಂದು ನೋಡಿಕೊಳ್ಳಿ. ಎಂಟನೇ ಒಂದು ಇಂಚಿನ ಬಿಎಸ್‌ಪಿಟಿಯಲ್ಲಿ (ಬ್ರಿಟಿಷ್ ಅಳತೆ) ಇಂಚಿಗೆ 28 ಮರೆ, ಎನ್‌ಪಿಟಿಯಲ್ಲಿ (ಅಮೆರಿಕನ್ ಅಳತೆ) 27. ಒಂದಕ್ಕೊಂದು ನಾಲ್ಕು ಸುತ್ತು ಹೋಗಿ ಕಚ್ಚಿದಂತೆ ಕಂಡರೂ ಸೋರುತ್ತದೆ, ಜಾಸ್ತಿ ಬಿಗಿದರೆ ಅಲ್ಯೂಮಿನಿಯಂ ಬ್ಲಾಕ್ ಬಿರುಕು ಬಿಡುತ್ತದೆ. ರಿಟರ್ನ್ ಪೈಪನ್ನು ಚೇಂಬರಿಗೆ ವೆಲ್ಡ್ ಮಾಡುವುದಾದರೆ ಎಣ್ಣೆ ಮಟ್ಟಕ್ಕಿಂತ ಮೇಲೆ ಮಾಡಿ. ಇಷ್ಟೆಲ್ಲ ಸರಿ ಮಾಡಿದರೂ, ಕಂಪನಿಯ ಮೂಲ ನಮೂನೆಗೆ ಹೊಂದದ ಮಾರ್ಪಾಡನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ನಿರ್ಬಂಧಿಸುತ್ತದೆ. 182ಎ(4)ರ ಪ್ರಕಾರ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು.

ಗ್ಯಾರೇಜ್ ನಡೆಸುವ ಸಹೋದ್ಯೋಗಿಗಳಲ್ಲಿ ನಮ್ಮ ವಿನಂತಿ: ಟರ್ಬೊ ಬದಲಿಸಿದ ಬಿಲ್ಲಿನಲ್ಲಿ ರಿಟರ್ನ್ ಪೈಪ್ ಬಿಚ್ಚಿ ಶುಚಿ ಮಾಡಿದ್ದು, ಇಂಟರ್‌ಕೂಲರ್ ತೊಳೆದದ್ದು, ಬ್ರೀದರ್ ಪರೀಕ್ಷೆ, ಚೇಂಬರ್ ಒತ್ತಡದ ಅಳತೆ, ಹಾಕಿದ ಎಣ್ಣೆಯ ಗ್ರೇಡ್ ಮತ್ತು ಪ್ರಮಾಣ ಬರೆದುಕೊಡಿ. ವಾರಂಟಿ ಕೇಳುವಾಗ ಮಾಲೀಕರ ಕೈಯಲ್ಲಿ ಆ ಕಾಗದ ಇದ್ದರೆ ಅಂಗಡಿಯವರು ಫಿಟ್ಟಿಂಗ್ ಮೇಲೆ ತಪ್ಪು ಹೊರಿಸಿ ಸುಲಭವಾಗಿ ಕೈತೊಳೆದುಕೊಳ್ಳಲಾರರು. ಗಾಡಿ ಮಾಲೀಕರು ಕಳಚಿದ ಹಳೆಯ ರಿಟರ್ನ್ ಪೈಪನ್ನು ಕೇಳಿ ಪಡೆದು, ಒಂದು ತುದಿಯಿಂದ ಬೆಳಕು ಬಿಟ್ಟು ಇನ್ನೊಂದು ತುದಿಯಿಂದ ನೋಡಲಿ. ಐಟಿಐಗಳ ಡೀಸೆಲ್ ಮೆಕ್ಯಾನಿಕ್ ವಿಭಾಗದವರೂ ಈ ನೀರಿನ ಪೈಪಿನ ಪರೀಕ್ಷೆಯನ್ನು ಮಕ್ಕಳ ಕೈಯಲ್ಲಿ ಒಮ್ಮೆ ಮಾಡಿಸಿದರೆ ಒಳ್ಳೆಯದು. ಅದಕ್ಕೆ ಬೇಕಾದ್ದು ಎರಡು ಮೀಟರ್ ಪೈಪ್, ಒಂದು ಹಲಗೆ, ಒಂದು ಸ್ಕೇಲ್.

ಇಂತಿ,
ಡೀಸೆಲ್ ವಾಹನ ದುರಸ್ತಿಗಾರರು,
ಹುಬ್ಬಳ್ಳಿ